ಎಲ್ಲೆಪುರದ ಒಡೆಯ

"ನನ್ನ ಸೀಮೆಯಲ್ಲಿ ತಲೆಯ ಮೇಲೆ ಸೂರಿಲ್ಲದವನು ಒಬ್ಬನಿದ್ದರೆ ತೋರಿಸಿ, ನೋಡೋಣ!"

ದೊರೆ ಮಾಚರಸ ಮೀಸೆ ನೀವಿಕೊಳ್ಳುತ್ತ ಹೀಗೆಂದಾಗ ಆಸ್ಥಾನವೆಲ್ಲ ತಲೆದೂಗಿತು. ಎಲ್ಲರಿಗಿಂತ ಜೋರಾಗಿ ತಲೆದೂಗಿದವರು ಮೂರು ಊರುಗಳ ಪಾರುಪತ್ಯಗಾರರು.

"ಹಾಲೂರಿನಲ್ಲಿ ಅಂಥ ನರಪಿಳ್ಳೆಯೂ ಇಲ್ಲ, ಮಹಾಸ್ವಾಮಿ," ಎಂದ ಹಾಲೂರಿನ ಬಸವಂತಯ್ಯ.

"ಕಲ್ಲೂರಿನಲ್ಲೂ ಇಲ್ಲ," ಎಂದ ಅಲ್ಲಿಯ ಪಾರುಪತ್ಯಗಾರ.

"ಸೊಪ್ಪಿನಕೆರೆಯಲ್ಲಂತೂ ಕೇಳಲೇಬೇಡಿ," ಎಂದ ಮೂರನೆಯವನು.

ಆಸ್ಥಾನದ ಮಾತುಗಾರ ಬೊಪ್ಪಣ್ಣ ಮಾತ್ರ ತಲೆದೂಗಲಿಲ್ಲ. ಮೊನ್ನೆ ಮೂರೂರು ಕೂಡುವ ಎಲ್ಲೆಕಲ್ಲಿನ ಬಳಿ ಕಂಡ ನೋಟ ಅವನ ಕಣ್ಣಿಗೆ ಕಟ್ಟಿತ್ತು. ಹೊಳೆಯ ನೆರೆಗೆ ಗುಡಿಸಲು ಕಳೆದುಕೊಂಡ ಬುಟ್ಟಿ ಹೆಣೆಯುವ ಜನ ಗಂಟುಮೂಟೆ ಹೊತ್ತು ನಿಂತಿದ್ದರು. ಅವರ ಹಿರಿಯಳು ಹೊಂಬಮ್ಮ.

"ಹಾಲೂರಿನವರು ಕಲ್ಲೂರಿಗೆ ಹೋಗಿ ಅಂತಾರೆ ಸ್ವಾಮಿ. ಕಲ್ಲೂರಿನವರು ಸೊಪ್ಪಿನಕೆರೆಯ ಕಡೆ ಬೆರಳು ತೋರಿಸ್ತಾರೆ. ಅಲ್ಲಿಯವರು ಮತ್ತೆ ಹಾಲೂರಿನ ಕಡೆಗೆ. ನಮ್ಮ ಕಾಲು ಸವೀತು, ಅವರ ಬೆರಳು ಸವೀಲಿಲ್ಲ," ಎಂದಿದ್ದಳು ಆಕೆ.

ಆ ಮಾತು ಬೊಪ್ಪಣ್ಣನಿಗೆ ಚುಚ್ಚುತ್ತಲೇ ಇತ್ತು.

ಈಗ ಅವನು ಎದ್ದು ಕೈಮುಗಿದ. "ಮಹಾಸ್ವಾಮಿ, ಬಹಳ ದಿನದಿಂದ ನನಗೊಂದು ಊರಿನ ಒಡೆಯನಾಗುವ ಆಸೆ."

"ಯಾವ ಊರು ಬೇಕಯ್ಯಾ?"

"ಎಲ್ಲೆಪುರ."

"ಹಾಗೊಂದು ಊರೇ ಇಲ್ಲವಲ್ಲ!"

"ಅದಕ್ಕೇ ಕೇಳ್ತಿರೋದು, ಯಾರಿಗೂ ನಷ್ಟವಿಲ್ಲ. ಮನೆಯಿಲ್ಲದವರು ಎಲ್ಲಿ ಗಂಟು ಇಳಿಸುತ್ತಾರೋ ಆ ನೆಲವೇ ಎಲ್ಲೆಪುರ. ಅವರು ಅಲ್ಲಿಂದ ಏಳುವ ತನಕ ಅಲ್ಲಿ ನಡೆಯೋದು ನನ್ನ ಮಾತು. ಅಪ್ಪಣೆಯಾಗಲಿ."

ಸಭೆ ಘೊಳ್ಳೆಂದು ನಕ್ಕಿತು. ಬಸವಂತಯ್ಯನಂತೂ ಹೊಟ್ಟೆ ಹಿಡಿದುಕೊಂಡ. "ಕೊಟ್ಟುಬಿಡಿ ಮಹಾಸ್ವಾಮಿ! ಇಲ್ಲದ ಜನಕ್ಕೆ ಇಲ್ಲದ ಊರು, ಅದಕ್ಕೆ ಇವನೊಬ್ಬ ಒಡೆಯ!"

ಉಳಿದಿಬ್ಬರೂ ಹೂಂಗುಟ್ಟಿದರು. ದೊರೆ ನಗುನಗುತ್ತಲೇ ಅಪ್ಪಣೆಪತ್ರಕ್ಕೆ ಮುದ್ರೆ ಒತ್ತಿಸಿಕೊಟ್ಟ.

ಮರುದಿನ ಬಸವಂತಯ್ಯ ತನ್ನ ಮನೆಯ ಜಗಲಿಯಲ್ಲಿ ದಿಂಬಿಗೊರಗಿ ಎಲೆಯಡಿಕೆ ಜಗಿಯುತ್ತಿದ್ದ. ಹೊಂಬಮ್ಮ ಬಂದವಳೇ ದಿಂಬಿನ ಪಕ್ಕದಲ್ಲೇ ಗಂಟು ಇಳಿಸಿದಳು. ಹಿಂದೆ ಬಂದವರು ಅಂಗಳ, ಹಜಾರ ಎಲ್ಲ ತುಂಬಿಕೊಂಡರು.

"ಏಯ್, ಏಳಿ, ಏಳಿ! ಯಾರಲ್ಲಿ, ಇವರನ್ನು ಆಚೆಗೆ ಅಟ್ಟಿ!"

"ಮೆಲ್ಲಗೆ, ಮೆಲ್ಲಗೆ," ಎನ್ನುತ್ತ ಬೊಪ್ಪಣ್ಣ ಒಳಬಂದು ಮುದ್ರೆ ತೋರಿಸಿದ. "ಎಲ್ಲೆಪುರದಲ್ಲಿ ಕೂತು ಎಲ್ಲೆಪುರದವರನ್ನೇ ಗದರಿಸಿದರೆ ಹೇಗೆ? ತಾವೀಗ ನಮ್ಮೂರಿನ ಅತಿಥಿಗಳು. ಊಟ ಮಾಡಿಕೊಂಡೇ ಹೋಗಿ. ಅಡುಗೆಮನೆಯಲ್ಲೂ ಒಂದು ಗಂಟು ಇಳಿದಿದೆ!"

ನೆರೆ ಬಂದಮೇಲೆ ಹೊಂಬಮ್ಮ ನಕ್ಕದ್ದು ಅವತ್ತೇ ಮೊದಲು.

ಆಮೇಲೆ ಎಲ್ಲೆಪುರ ಕಲ್ಲೂರಿಗೆ ಹೋಯಿತು. ಅಲ್ಲಿಯ ಪಾರುಪತ್ಯಗಾರ ತನ್ನದೇ ಉಯ್ಯಾಲೆಯಲ್ಲಿ ಕೂರಲು ಬೊಪ್ಪಣ್ಣನ ಅಪ್ಪಣೆ ಕೇಳಬೇಕಾಯಿತು. ಸೊಪ್ಪಿನಕೆರೆಯ ಚಾವಡಿಯಲ್ಲಿ ಗಂಟು ಇಳಿದ ದಿನ ಅಲ್ಲಿಯ ಪಾರುಪತ್ಯಗಾರ ಹುಣಸೆ ಮರದ ಕೆಳಗೆ ನ್ಯಾಯ ಹೇಳಿದ, ತಲೆಯ ಮೇಲೆ ಕಾಗೆ ಕೂತಿದ್ದರೂ ಗೊತ್ತಾಗದಷ್ಟು ಸಿಟ್ಟಿನಲ್ಲಿ.

ಒಂದೇ ದಾರಿಯಲ್ಲಿ ಜೊತೆಯಾಗಿ ನಡೆದೇ ಅರಿಯದ ಆ ಮೂವರೂ ಒಟ್ಟಿಗೆ ಅರಮನೆಗೆ ಓಡಿದರು.

"ಮಹಾಸ್ವಾಮಿ! ಬೊಪ್ಪಣ್ಣ ನಮ್ಮ ಊರುಗಳನ್ನು ನುಂಗುತ್ತಿದ್ದಾನೆ! ಆ ಮನೆಯಿಲ್ಲದವರನ್ನು ಕರೆದುಕೊಂಡು ಬಂದು..."

"ಯಾವ ಮನೆಯಿಲ್ಲದವರು?" ಎಂದ ದೊರೆ.

ಬಸವಂತಯ್ಯ ನಾಲಿಗೆ ಕಚ್ಚಿಕೊಂಡ. ದೊರೆಯ ಮೀಸೆ ಮೆಲ್ಲಗೆ ಕೆಳಗಿಳಿಯಿತು. ತನ್ನ ಜಂಬದ ಮಾತು ಅವನಿಗೂ ನೆನಪಾಗಿರಬೇಕು.

"ಬೊಪ್ಪಣ್ಣ, ಇವರ ಊರುಗಳನ್ನು ಬಿಟ್ಟುಕೊಡಲು ಏನು ಬೇಕು?"

"ನನಗೇನೂ ಬೇಡ, ಪ್ರಭು. ನಮ್ಮವರಿಗೆ ಮನೆಯಾದರೆ ಎಲ್ಲೆಪುರ ತಾನಾಗಿಯೇ ಮಾಯವಾಗುತ್ತದೆ."

"ನಮ್ಮಲ್ಲಿ ದಿಣ್ಣೆಯ ಜಾಗವಿದೆ, ನೆರೆ ಮುಟ್ಟದ್ದು. ಆದರೆ ಮರವಿಲ್ಲ," ಎಂದು ಬಸವಂತಯ್ಯ ಗೊಣಗಿದ.

"ನಮ್ಮಲ್ಲಿ ಮರವಿದೆ, ಕಲ್ಲಿದೆ. ಕಟ್ಟುವವರಿಲ್ಲ," ಎಂದ ಕಲ್ಲೂರಿನವನು.

"ನಮ್ಮಲ್ಲಿ ಬಡಗಿಗಳು, ಒಡ್ಡರು ಬೇಕಾದಷ್ಟಿದ್ದಾರೆ. ಆದರೆ ಅಂಗೈಯಗಲ ಜಾಗವಿಲ್ಲ," ಎಂದ ಸೊಪ್ಪಿನಕೆರೆಯವನು.

"ನೋಡಿದಿರಾ ಪ್ರಭು? ಒಬ್ಬೊಬ್ಬರನ್ನೇ ಕೇಳಿದರೆ ಸಿಗೋದು ನೆಪ. ಮೂವರನ್ನೂ ಕೂಡಿಸಿ ಕೇಳಿದರೆ ಮನೆ!"

ಅಂದಿನಿಂದ ಕೆಲಸ ಶುರುವಾಯಿತು. ಮೂವರೂ ಜಗಳವಾಡಿದರು, ಮುನಿಸಿಕೊಂಡರು. ಆದರೆ ತಡವಾದ ದಿನವೆಲ್ಲ ಹೊಂಬಮ್ಮ ಯಾರದಾದರೊಬ್ಬರ ಜಗಲಿ ಏರುತ್ತಿದ್ದಳಾದ್ದರಿಂದ ರಾಜಿಯೂ ಬೇಗಬೇಗನೆ ಆಗುತ್ತಿತ್ತು. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಹಾಲೂರಿನ ದಿಣ್ಣೆಯ ಮೇಲೆ ಮನೆಗಳ ಸಾಲು ಎದ್ದಿತು. ಹೊಂಬಮ್ಮನ ಜನ ಅಂಗಳದಲ್ಲಿ ಬಿದಿರು ಸೀಳುತ್ತ ಕೂತರು.

ದೊರೆ ತಾನೇ ನೋಡಲು ಬಂದ. ಬೀದಿಯಲ್ಲಿ ನಿಂತು ಬೊಪ್ಪಣ್ಣನ ಬೆನ್ನು ತಟ್ಟಿದ. "ಪಾಪ, ನಿನ್ನ ಊರು ಹೋಯಿತಲ್ಲಯ್ಯಾ! ಇಂಥದ್ದೇ ಇನ್ನೊಂದು ಊರು ಕೊಡಲಾ?"

"ಬೇಡ ಪ್ರಭು. ಅಂಥ ಊರು ಹುಟ್ಟದಂತೆ ನೋಡಿಕೊಳ್ಳಲಿ ಅಂತಲೇ ಅಲ್ಲವೇ ತಾವು ಈ ಮೂವರಿಗೂ ಸಂಬಳ ಕೊಡುವುದು?"

ಮೂವರೂ ನೆಲ ನೋಡಿದರು. ದೊರೆ ಬಿದ್ದುಬಿದ್ದು ನಕ್ಕು, ಹೆಗಲ ಮೇಲಿದ್ದ ಶಾಲು ತೆಗೆದು ಬೊಪ್ಪಣ್ಣನಿಗೆ ಹೊದಿಸಿದ.

ಅಷ್ಟರಲ್ಲಿ ಹೊಂಬಮ್ಮ ಬಾಗಿಲಿಗೆ ಬಂದಳು. ದೊರೆಯನ್ನೂ, ಪಾರುಪತ್ಯಗಾರರನ್ನೂ, ಬೊಪ್ಪಣ್ಣನನ್ನೂ ಒಮ್ಮೆ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಇದೇನು ಸ್ವಾಮಿ, ಎಲ್ಲಾ ಬೀದಿಯಲ್ಲೇ ನಿಂತಿದ್ದೀರಿ? ಒಳಗೆ ಬನ್ನಿ. ನಮಗೇನು ಮನೆ ಇಲ್ವಾ?"