ಅಭಿಜಿನ್ ಮುಹೂರ್ತದ ತೊಟ್ಟಿ

ಬಿಸಿಲು ನೆತ್ತಿಗೇರಿದ ಮೇಲೆ ಕಾಂಕ್ರೀಟು ಹಾಕಬಾರದು. ಕೆಂಡಗಲ್ಲು ರಾಜ್ಯದಲ್ಲಿ ಈ ನಿಯಮ ತಿಳಿಯದವರು ಯಾರೂ ಇರಲಿಲ್ಲ, ಮುರಿಯದವರೂ ಇರಲಿಲ್ಲ. ಹಾಗೆ ಕಟ್ಟಿದ ಊರಿನ ನೀರಿನ ತೊಟ್ಟಿ ಎರಡನೆಯ ಸಲ ಬಿರುಕು ಬಿಟ್ಟು, ಬೇಸಿಗೆಗೆಂದು ತುಂಬಿಟ್ಟ ನೀರು ಬಹುಪಾಲು ಒಂದೇ ವಾರದಲ್ಲಿ ಮಣ್ಣುಪಾಲಾದಾಗ ದೊರೆ ಸೋಮಪಾಲ ಡಂಗುರ ಹೊಡೆಸಿದ.

"ಕೇಳ್ರಪ್ಪೋ ಕೇಳ್ರಿ! ತೊಟ್ಟಿ ಕಟ್ಟಿದ ಮೇಸ್ತ್ರಿ ದ್ಯಾವಣ್ಣನಿಗೆ ಯುಗಾದಿಯ ಮರುದಿನ ಗಲ್ಲು. ಇದಕ್ಕೂ ಮುಂಚಿನ ತೊಟ್ಟಿ ಕಟ್ಟಿಸಿದ ಮಹಾತಾಯಿ, ನಮ್ಮ ದೊರೆಗಳ ಅಜ್ಜಿ, ಮೂರು ಒಗಟು ಬರೆದಿಟ್ಟು ಹೋಗಿದ್ದಾರೆ. ಮೂರನ್ನೂ ಬಿಡಿಸಿದವರಿಗೆ ಹೊಸ ತೊಟ್ಟಿಯ ಯಜಮಾನಿಕೆ, ಚಿನ್ನದ ಗಾರೆಕರಣೆ, ಮೇಲೆ ಕೇಳಿದ್ದೊಂದು ವರ. ಒಂದು ತಪ್ಪಿದರೂ ಅದೇ ಹಗ್ಗ!"

ದ್ಯಾವಣ್ಣನ ಮಗಳು ಹುಲಿಗೆವ್ವ ಸೆರೆಮನೆಯ ಕಿಂಡಿಯ ಮುಂದೆ ಬಂದು ನಿಂತಳು. ಹನ್ನೆರಡು ವರ್ಷದಿಂದ ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತವಳು ಆಕೆ.

"ಯಪ್ಪಾ, ಮಧ್ಯಾಹ್ನ ಹಾಕಬಾರದು ಅಂತ ನನಗೆ ಕಲಿಸಿದವನೇ ನೀನು. ನೀನ್ಯಾಕೆ ಹಾಕಿದಿ?"

"ಜೋಯಿಸರು ನಡುಮಧ್ಯಾಹ್ನವೇ ಅಭಿಜಿನ್ ಮುಹೂರ್ತ ಅಂದರು, ದೊರೆಗಳು ಹೂಂ ಅಂದರು. ಬ್ಯಾಡ ಅನ್ನೋಕೆ ನಾನ್ಯಾವ ದೊಡ್ಡ ಮನುಷ್ಯ?"

"ನೀನು ಮೇಸ್ತ್ರಿ," ಎಂದಳು ಹುಲಿಗೆವ್ವ. ಅಪ್ಪ ತಲೆ ತಗ್ಗಿಸಿದ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಆಸ್ಥಾನಕ್ಕೆ ನಡೆದಳು.

ಅಲ್ಲಿ ದೊರೆ ಮೊದಲ ಓಲೆ ಬಿಚ್ಚಿ ಓದುತ್ತಿದ್ದ. "ಹುಟ್ಟುವಾಗ ಹೆಚ್ಚು ಕುಡಿಸಿದರೂ ಸಾಯುತ್ತದೆ, ಹುಟ್ಟಿದ ಮೇಲೆ ಕುಡಿಸುವುದು ಬಿಟ್ಟರೂ ಸಾಯುತ್ತದೆ. ಏನದು?"

ತೊಟ್ಟಿಯ ಗುತ್ತಿಗೆದಾರ ಮುಂದೆ ಬಂದ. "ಹಸುಗೂಸು, ದೊರೆಗಳೇ!"

ಉತ್ತರದ ಓಲೆ ಹಿಡಿದಿದ್ದ ಕರಣಿಕ ಅಲ್ಲವೆಂದು ತಲೆಯಾಡಿಸಿದ. ಭಟರು ಗುತ್ತಿಗೆದಾರನ ರಟ್ಟೆ ಹಿಡಿದರು. ಅರಮನೆಯ ಶಿಲ್ಪಿ ಗಂಟಲು ಸರಿಮಾಡಿಕೊಂಡು, "ಭತ್ತದ ಸಸಿ," ಎಂದ. ಅವನನ್ನೂ ಎಳೆದೊಯ್ದರು.

"ಸಾವಿರ ಚೀಲ ಸಿಮೆಂಟು ಮುಗಿಸಿದವರಿಗೆ ಇದು ಹೊಳೆಯಲಿಲ್ಲವೇ?" ಹುಲಿಗೆವ್ವ ಜನರನ್ನು ಸರಿಸಿಕೊಂಡು ಬಂದಳು. "ಕಾಂಕ್ರೀಟು! ಬಿಸಿಲಿಗೆ ಬಿಗಿಯಾಯಿತು ಅಂತ ಕಲಸುವಾಗ ಮತ್ತೆ ಮತ್ತೆ ನೀರು ಸುರಿದರೆ ಅದರ ಕಸುವು ಹೋಗುತ್ತದೆ. ಹಾಕಿದ ಮೇಲೆ ಹದಿನಾಲ್ಕು ದಿನ ಒಣಗಗೊಡಬಾರದು. ನೀವು ಮೂರನೆಯ ದಿನವೇ ತೊಟ್ಟಿಗೆ ಉಣಿಸುವ ನೀರನ್ನು ಅರಮನೆಯ ಕಾರಂಜಿಗೆ ತಿರುಗಿಸಿದಿರಿ."

ದೊರೆಯ ಮುಖ ಬಿಗಿಯಿತು. ಕರಣಿಕ ಮಾತ್ರ, "ಸರಿ," ಎಂದ.

"ಕೈಕಾಲಿಲ್ಲದ ಕಳ್ಳ," ದೊರೆ ಎರಡನೆಯದನ್ನು ಓದಿದ. "ಹಾಡಹಗಲೇ ಎಲ್ಲರೆದುರು ಕದಿಯುತ್ತಾನೆ. ಕತ್ತಿಗೆ ಹೆದರುವುದಿಲ್ಲ, ಹರಕಲು ಗೋಣಿಗೆ ಹೆದರುತ್ತಾನೆ. ಯಾರವನು?"

"ಬಿಸಿಗಾಳಿ. ಕದಿಯುವುದು ನೀರನ್ನು. ಹೊಸ ಕಾಂಕ್ರೀಟಿಗೆ ಒದ್ದೆ ಗೋಣಿ ಹೊದಿಸಿದರೆ ಹತ್ತು ಕೊಡದ ಕೆಲಸ ಎರಡು ಕೊಡದಲ್ಲಿ ಮುಗಿಯುತ್ತದೆ. ನಾವು ಹಂಡೆಗೆ ಮುಚ್ಚಳ ಇಡುವುದೂ ಆ ಕಳ್ಳನಿಗಾಗಿಯೇ. ನಿಮ್ಮ ಕಾರಂಜಿಗೆ ಮುಚ್ಚಳ ಎಲ್ಲಿದೆ?"

"ನಾಲಗೆ ಉದ್ದವಾಯಿತು," ಎಂದ ಜೋಯಿಸ.

"ಸರಿ," ಎಂದ ಕರಣಿಕ, ಮತ್ತೂ ಮೆಲ್ಲಗೆ.

ಮೂರನೆಯ ಓಲೆ. "ಒಬ್ಬಳೇ ಆಳು. ಗುಡಿಸಲಿನಲ್ಲಿ ಮೂರು ಕೆಲಸ ಮಾಡುತ್ತಾಳೆ, ಅರಮನೆಯಲ್ಲಿ ಒಂದೇ ಕೆಲಸ ಮಾಡಿ ಹೊರಟುಹೋಗುತ್ತಾಳೆ."

"ಯಾವಳೋ ಸೋಂಬೇರಿ ದಾಸಿ!" ಎಂದು ಯಾರೋ ಕೂಗಿದರು. ಸಭೆ ನಕ್ಕಿತು. ಹುಲಿಗೆವ್ವ ನಗಲಿಲ್ಲ.

"ನೀರು. ನಮ್ಮಲ್ಲಿ ಸೊಪ್ಪು ತೊಳೆದ ನೀರಿನಲ್ಲೇ ಪಾತ್ರೆ ನೆನೆಯುತ್ತದೆ, ಪಾತ್ರೆಯ ನೀರು ನುಗ್ಗೆಗಿಡದ ಬುಡ ಸೇರುತ್ತದೆ. ಇಲ್ಲಿ ನಿಮ್ಮ ಪಾದ ತೊಳೆದು ನೇರ ಮೋರಿಗೆ."

ಮೂರೂ ಸರಿಯಾಗಿದ್ದವು. ಆಡಿದ ಮಾತಿಗೆ ಕಟ್ಟುಬಿದ್ದು ದೊರೆ ಚಿನ್ನದ ಕರಣೆ ಕೊಟ್ಟ. "ವರ ಕೇಳು."

"ನನ್ನಪ್ಪನನ್ನು ಬಿಡಿ, ಆ ಇಬ್ಬರನ್ನೂ ಬಿಡಿ. ನಿಯಮ ಮುರಿದವರನ್ನೆಲ್ಲ ನೇಣಿಗೆ ಹಾಕುವುದಾದರೆ ಊರಿನ ಹಗ್ಗ ಸಾಲದು. ಮೊದಲ ಕುಣಿಕೆಯೂ ನನ್ನಪ್ಪನಿಗೆ ಬರುವುದಿಲ್ಲ."

ಭಟರು ದ್ಯಾವಣ್ಣನನ್ನೂ ಆ ಇಬ್ಬರನ್ನೂ ಸಭೆಗೆ ತಂದು ಕೋಳ ಕಳಚಿದರು. ಅಷ್ಟರಲ್ಲಿ ಜೋಯಿಸ ಎದ್ದು, "ಪ್ರಭು, ಇನ್ನೇನು ಅಭಿಜಿನ್ ಮುಹೂರ್ತ ಬಂತು! ಹೊಸ ತೊಟ್ಟಿ ಈಗಲೇ ಶುರುವಾಗಲಿ," ಎಂದ. ದೊರೆ ಹೂಂ ಅಂದ. ಮೂರು ಉತ್ತರ ಕೇಳಿದ್ದ ಅದೇ ಸಭೆ ಎದ್ದು ಅವನ ಹಿಂದೆ ನಡೆಯಿತು.

ಹೊಸ ತೊಟ್ಟಿಯ ತಳಕ್ಕೆ ಆಗಲೇ ಹೆಣೆದಿಟ್ಟಿದ್ದ ಕಬ್ಬಿಣದ ಸರಳು ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾದಿತ್ತು. ನಲವತ್ತು ಮಂದಿ ಬಾಂಡ್ಲಿ ಹೊತ್ತು ನಿಂತಿದ್ದರು. ಜೋಯಿಸ ನೀರು ತುಂಬಿದ ಪಾತ್ರೆಯಲ್ಲಿ, ಹೊತ್ತು ಅಳೆಯಲು ತಳದಲ್ಲಿ ತೂತಿದ್ದ ಗಳಿಗೆ ಬಟ್ಟಲು ತೇಲಿಬಿಟ್ಟ. ಅದು ಮುಳುಗುವುದರೊಳಗೆ ಕೆಲಸ ಶುರುವಾಗಬೇಕು.

"ಬೇಡ," ಎಂದಳು ಹುಲಿಗೆವ್ವ. "ಬಿಸಿಲು ಇಳಿಯಲಿ."

"ವರ ಕೊಟ್ಟವನಿಗೆ ಹಿಂದಕ್ಕೆ ತೆಗೆದುಕೊಳ್ಳುವುದೂ ಗೊತ್ತು," ಎಂದ ದೊರೆ. "ನಿನ್ನಪ್ಪನ ಕೋಳ ಇಲ್ಲೇ ಇದೆ."

"ಹೂಂ ಅಂದುಬಿಡವ್ವಾ," ದ್ಯಾವಣ್ಣ ಅಂಗಲಾಚಿದ.

ಹುಲಿಗೆವ್ವ ಒಡೆದ ತೊಟ್ಟಿಯ ಕಡೆ ನೋಡಿದಳು. ಬಿರುಕಿನ ಕೆಳಗೆ ಹೆಂಗಸರು ಕೂತು, ಜಿನುಗುವ ನೀರನ್ನು ಚೊಂಬಿಗೆ ಬಳಿದುಕೊಳ್ಳುತ್ತಿದ್ದರು. ಅವಳು ಚಿನ್ನದ ಕರಣೆಯನ್ನು ದೊರೆಯ ಕಾಲ ಬಳಿ ಇಟ್ಟಳು. ಕಲಸುವ ಜಾಗದಿಂದ ಒಂದು ಒದ್ದೆ ಗೋಣಿ ತಂದು ಸರಳುಗಳ ನಟ್ಟನಡುವೆ ಹಾಸಿ ಕೂತಳು.

"ಹಾಕಿರಿ," ಎಂದಳು ಬಾಂಡ್ಲಿ ಹೊತ್ತವರಿಗೆ. "ನನ್ನ ಮೇಲೇ ಹಾಕಿರಿ."

ಸಾಲಿನ ಮೊದಲನೆಯವನು ಬಾಂಡ್ಲಿ ಕೆಳಗಿಳಿಸಿದ. ಎರಡನೆಯವನೂ ಇಳಿಸಿದ. ದೊರೆ ಕೂಗಿದ, ಜೋಯಿಸ ಎದೆ ಬಡಿದುಕೊಂಡ. ದ್ಯಾವಣ್ಣ ಬಹಳ ಹೊತ್ತು ನಿಂತಲ್ಲೇ ನಿಂತಿದ್ದ. ಆಮೇಲೆ ಬರಿಗಾಲಲ್ಲಿ ಸರಳು ದಾಟಿ ಬಂದ. ಹುಲಿಗೆವ್ವ ಸರಿದು ಗೋಣಿಯ ಅರ್ಧ ಅವನಿಗೆ ಬಿಟ್ಟಳು.

ಬಟ್ಟಲು ಮುಳುಗಿತು. ಮುಹೂರ್ತ ದಾಟಿತು.

ಹುಲಿಗೆವ್ವ ಎದ್ದು ಹೋಗಿ ಜೋಯಿಸನ ಪಾತ್ರೆ ಎತ್ತಿಕೊಂಡು ಬಂದಳು. ಆ ನೀರನ್ನು ಒಣಗುತ್ತಿದ್ದ ಗೋಣಿಯ ಮೇಲೆ ಒಂದು ಹನಿಯೂ ಆಚೆ ಬೀಳದಂತೆ ಚಿಮುಕಿಸಿ, ಮತ್ತೆ ಅಪ್ಪನ ಪಕ್ಕ ಕೂತಳು. ಬಿಸಿಲು ಇನ್ನೂ ಇಳಿದಿರಲಿಲ್ಲ.