ಮೊದಲೇ ಹಾಡಿದ ಮಂಗಳ

ನಮ್ಮೂರ ಕಲಾಸಂಘದ ಅಧ್ಯಕ್ಷ ತೋಂಟದಪ್ಪನವರಿಗೆ ಹಾಡು ಬರೆಯುವ ಚಪಲ. ವೇದಿಕೆಯಲ್ಲಿ ಹಾಡಿದ ಹಾಡಿಗೆಲ್ಲ ಬರೆದವರ ಮನೆಗೆ ರಾಯಲ್ಟಿ ಹೋಗುತ್ತದೆ ಎಂದು ತಿಳಿದ ಮೇಲಂತೂ ಕೇಳಲೇಬೇಡಿ.

ವಾರ್ಷಿಕೋತ್ಸವಕ್ಕೆ ಬಂದ ಗಾಯಕಿ ಸಾಕಮ್ಮನ ಹಾಡಿನ ಪಟ್ಟಿಯನ್ನು ಅವರು ಹರಿದೇ ಹಾಕಿದರು. "ಎಲ್ಲಾ ಆ ಸತ್ತ ಹನುಮಯ್ಯ ಬರೆದವೇ! ಅವನ ಹೆಂಡತಿ ಕೂತು ತಿನ್ನಲಿ ಅಂತಲಾ? ಮೊದಲಿಂದ ಕೊನೆವರೆಗೂ ನನ್ನವೇ ಹಾಡಬೇಕು. ಇಲ್ಲದಿದ್ರೆ ಮೈಕ್ ಆಫ್!"

"ಆಗಲಿ ಸಾರ್. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮಾತ್ರ ನನಗೆ ಬಿಡಿ" ಎಂದಳು ಸಾಕಮ್ಮ.

"ಹೇಗಾದರೂ ಹಾಡಮ್ಮ, ನನ್ನದಾದರೆ ಸರಿ."

ಪರದೆ ಸರಿಯಿತು. ಸಾಕಮ್ಮ ಅಧ್ಯಕ್ಷರು ಬರೆದ ಮಂಗಳದ ಹಾಡನ್ನೇ ಮೊದಲು ಎತ್ತಿಕೊಂಡು, ಗಂಟಲು ಬಿಚ್ಚಿ ಹಾಡಿದಳು. ಮಂಗಳ ಹಾಡಿದರೆ ಕಚೇರಿ ಮುಗಿಯಿತೆಂದು ನಮ್ಮೂರ ಕೂಸಿಗೂ ಗೊತ್ತು. ಜನ ಎದ್ದರು, ಕೈಮುಗಿದರು, ಚಪ್ಪಲಿ ಹುಡುಕತೊಡಗಿದರು. ಮುಂದಿನ ಸಾಲಿನ ಶಾಸಕರೂ ಎದ್ದರು.

ಅಧ್ಯಕ್ಷರು ಬೆವೆತುಹೋಗಿ ವೇದಿಕೆಗೆ ಓಡಿಬಂದರು. "ಏನಮ್ಮಾ ಇದು? ಕೂರಿಸು ಅವರನ್ನ!"

"ಮಂಗಳ ಆದಮೇಲೂ ಜನ ಕೂರಬೇಕಾದ್ರೆ ಹನುಮಯ್ಯನವರ ಹಾಡೇ ಬೇಕು ಸಾರ್."

"ಹಾಡು ಮಾರಾಯ್ತಿ, ಹಾಡು!"

ಸಾಕಮ್ಮ ಮೈಕನ್ನು ಅವರ ಬಾಯಿಗೇ ಹಿಡಿದಳು. "ಬರೆದವರ ಹೆಸರು ನೀವೇ ಹೇಳಿ. ಆಮೇಲೆ ಹಾಡ್ತೀನಿ."

ಹೇಳಿದರು. ಜನ ಕೂತರು. ಹಾಡಿನ ಮೇಲೆ ಹಾಡು, ಎಲ್ಲವೂ ಹನುಮಯ್ಯನವೇ.

ಕೊನೆಗೆ ಅಧ್ಯಕ್ಷರು ಮೆಲ್ಲಗೆ ಬಂದರು. "ನನ್ನದೂ ಇನ್ನೊಂದು ಹಾಡಮ್ಮ."

"ನಿಮ್ಮ ಒಂದೇ ಹಾಡಿಗೆ ಇಡೀ ಸಭೆ ಎದ್ದು ನಿಂತು ಕೈಮುಗಿದಿದೆ. ಇನ್ನೂ ಏನು ಬೇಕು ಸಾರ್?"