ಮೇಜರ್ ಬಿಗಿದ ಸ್ಕ್ರೂ

ಕೊಡಗಿನ ಕೈಲ್‌ಪೊದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಹತ್ತಿರ ಬಂದಿತ್ತು. ನಿವೃತ್ತ ಮೇಜರ್ ಚಂಗಪ್ಪನವರು ಕೋವಿ ಹಿಡಿದು ರಿಪೇರಿ ಅಂಗಡಿಗೆ ನುಗ್ಗಿದರು. ಕೋವಿಯ ದುರ್ಬೀನು ಕೂರಿಸುವ ಸ್ಕ್ರೂವನ್ನು ಅವರೇ ಬಿಗಿದು ಬಿಗಿದು ಮತ್ತೆ ಮುರಿದಿದ್ದರು.

“ಹೊಸದು ಹಾಕು. ಬಿಗಿಯೋದು ನಾನೇ, ಪೂರ್ತಿ ಬಲ ಹಾಕಿ. ಈ ಸಲ ಮುರಿದರೆ ನಿನ್ನ ಅಂಗಡಿಗೆ ಬೀಗ.”

ಬೇಡ ಎಂದರೆ ಕೇಳುವ ಆಸಾಮಿಯಲ್ಲ. ರಿಪೇರಿಯವನು ಒಳಗೆ ಹೋಗಿ, ಸ್ಕ್ರೂ ತಿರುಗಿಸುವ ಅಲೆನ್ ಕೀಯ ಉದ್ದನೆಯ ಹಿಡಿಯನ್ನು ಗರಗಸದಿಂದ ಕೊಯ್ದು, ತುಂಡು ಕೀ ತಂದುಕೊಟ್ಟ.

“ಎಷ್ಟು ಬೇಕಾದರೂ ಬಿಗೀರಿ ಸಾರ್.”

ಎರಡು ಬೆರಳಿಗಷ್ಟೇ ಸಿಗುವ ಕೀ ಅದು; ಹಿಡಿ ಗಿಡ್ಡವಾದಷ್ಟೂ ಸ್ಕ್ರೂಗೆ ತಾಗುವ ಬಲ ಕಡಿಮೆ. ಮೇಜರರು ಹಲ್ಲು ಕಚ್ಚಿ ತಿರುಗಿಸಿದರು. ಮೀಸೆ ನಡುಗಿತು, ಮುಖ ಕೆಂಪಾಯಿತು. ಸ್ಕ್ರೂ ಮಾತ್ರ ಬೇಕಾದಷ್ಟೇ ಬಿಗಿದು ನಿಂತಿತು.

ಹಬ್ಬದಲ್ಲಿ ಕಾಯಿ ಸಿಡಿಯಿತು. ಮೇಜರರು ಎದೆಯುಬ್ಬಿಸಿ ಅಂಗಡಿಗೆ ಬಂದರು.

“ನೋಡಿದೆಯಾ ನನ್ನ ಕೈಬಲ? ಅಲ್ಲಯ್ಯ, ಆ ಕೀ ಯಾಕೆ ಅಷ್ಟು ಗಿಡ್ಡ?”

“ಉದ್ದದ್ದು ನನ್ನಂಥ ಬಡಕಲರಿಗೆ ಸಾರ್. ನಿಮಗ್ಯಾಕೆ?”

ಮೇಜರರು ಮೀಸೆ ತಿರುವಿ, ಆ ತುಂಡು ಕೀಯನ್ನು ಕೇಳಿ ಮನೆಗೆ ಒಯ್ದರು.